ಸ್ವವಿವರ ಪತ್ರದಲ್ಲಿ ಉದ್ಯಮಿಯು ಗಮನಿಸಬೇಕಾದುದು

ಸಣ್ಣ ಕೈಗಾರಿಕೆಯಲ್ಲಿ ತಪ್ಪು ನೇಮಕಾತಿಯ ನಷ್ಟವನ್ನು ಮಾಲೀಕನೇ ಹೊರಬೇಕಾಗುತ್ತದೆ. ಆದುದರಿಂದ ಅರ್ಜಿದಾರನ ಸ್ವವಿವರ ಪತ್ರದಲ್ಲಿ ‘ಪರಿಶ್ರಮಿ’, ‘ಪ್ರಾಮಾಣಿಕ’ ಎಂಬ ವಿಶೇಷಣಗಳಿಗಿಂತ ಪರೀಕ್ಷಿಸಬಹುದಾದ ಸಂಗತಿಗಳಿಗೆ ಬೆಲೆ ಕೊಡುವುದು ಲೇಸು.

ಟರ್ನರ್ ಹುದ್ದೆಯಾದರೆ ಐ.ಟಿ.ಐ. ಪ್ರಮಾಣಪತ್ರ, ನಡೆಸಿದ ಯಂತ್ರ, ಸಾಧಿಸಿದ ನಿಖರತೆ ಮುಖ್ಯ. ‘ಲೇತ್ ಕೆಲಸ ಬಲ್ಲೆ’ ಎಂಬುದಕ್ಕಿಂತ ‘0.02 ಮಿ.ಮೀ. ಮಿತಿಯೊಳಗೆ ಶಾಫ್ಟ್ ಕಡೆದಿದ್ದೇನೆ’ ಎಂಬ ಸಾಲು ತೂಕದ್ದು. ಒಂದು ಶಾಫ್ಟ್ ಕಡೆಯಿಸಿ ಮೈಕ್ರೋಮೀಟರಿನಿಂದ ಅಳೆದರೆ ನಿಜಾಂಶ ತಿಳಿಯುತ್ತದೆ. ಲೆಕ್ಕಿಗನಾದರೆ, 2017ರ ಜುಲೈ 1ರಂದು ಜಾರಿಗೆ ಬಂದ ಜಿ.ಎಸ್.ಟಿ.ಯ ಯಾವ ರಿಟರ್ನ್‌ಗಳನ್ನು ಸ್ವತಃ ಸಲ್ಲಿಸಿದ್ದಾನೆಂಬುದನ್ನು ನೋಡಬೇಕು.

ಉದ್ಯೋಗಗಳ ನಡುವೆ ಅಂತರ ಕಂಡೊಡನೆ ಅರ್ಜಿಯನ್ನು ತಿರಸ್ಕರಿಸುವುದು ತರವಲ್ಲ. ಕಾರ್ಖಾನೆ ಮುಚ್ಚಿದ್ದೋ, ಮನೆಯವರ ಕಾಯಿಲೆಯೋ ಕಾರಣವಾಗಿರಬಹುದು, ಕೇಳಿ ತಿಳಿಯಬೇಕು. ಅಂದದ ಅಚ್ಚಿಗಷ್ಟೇ ಮರುಳಾದರೆ ಕುಶಲ ಕೈಯೊಂದು ನೆರೆಯ ಕಾರ್ಖಾನೆಯ ಪಾಲಾದೀತು.