ಕಂಟ್ರೋಲರ್ ಎಸೆಯುವ ಮುನ್ನ ರಿಚಿ ಸ್ಟ್ರೀಟ್‌ಗೊಮ್ಮೆ ಹೋಗಿ

ಸ್ಟಿಕ್ ಮೇಲೆ ಬೆರಳೇ ಇಟ್ಟಿಲ್ಲ, ಆದರೂ ಆಟದ ಕಾರು ಎಡಕ್ಕೆ ಎಳೆಯುತ್ತಿದೆಯೇ? ಇದಕ್ಕೆ ಸ್ಟಿಕ್ ಡ್ರಿಫ್ಟ್ ಎನ್ನುತ್ತಾರೆ. ಇಷ್ಟಾದ ಕೂಡಲೇ ಸಾವಿರಾರು ರೂಪಾಯಿ ಕೊಟ್ಟು ಹೊಸ ಕಂಟ್ರೋಲರ್ ತರುವವರೇ ಹೆಚ್ಚು. ಆತುರ ಬೇಡ. ಕೆಟ್ಟಿರುವುದು ಬಹುತೇಕ ಒಂದು ಪುಟ್ಟ ಬಿಡಿಭಾಗ ಮಾತ್ರ, ಚೆನ್ನೈನಲ್ಲಿ ಅದನ್ನು ಬದಲಿಸಿಕೊಡುವವರೂ ಇದ್ದಾರೆ.

ಸ್ಟಿಕ್‌ನ ಬುಡದಲ್ಲಿ ಎರಡು ಪೊಟೆನ್ಶಿಯೊಮೀಟರ್‌ಗಳಿರುತ್ತವೆ. ಒಂದು ಎಡ-ಬಲದ ಚಲನೆಯನ್ನು, ಇನ್ನೊಂದು ಮೇಲೆ-ಕೆಳಗಿನ ಚಲನೆಯನ್ನು ಅಳೆಯುತ್ತದೆ. ನೀವು ಸ್ಟಿಕ್ ತಿರುಗಿಸಿದಂತೆಲ್ಲ ಒಳಗೆ ಲೋಹದ ಸಣ್ಣ ಕಡ್ಡಿಯೊಂದು ಕಾರ್ಬನ್ ಪಟ್ಟಿಯ ಮೇಲೆ ಉಜ್ಜುತ್ತಾ ಓಡಾಡುತ್ತದೆ. ಪಟ್ಟಿ ಸವೆದರೆ ಅಥವಾ ಪುಡಿ ಕೂತರೆ, ಬೆರಳು ತೆಗೆದ ಮೇಲೂ ಅಳತೆ ನಡುವಿಗೆ ಮರಳುವುದಿಲ್ಲ. ಪಿಎಸ್5ರ ಡ್ಯುಯಲ್‌ಸೆನ್ಸ್ ಕಂಟ್ರೋಲರ್‌ನಲ್ಲಿ ಟ್ರಿಗರ್ ಬಿಗಿಯಾಗಿಸುವ ಮೋಟಾರ್, ಟಚ್‌ಪ್ಯಾಡ್, ಮೈಕ್, 1560 ಎಂಎಎಚ್ ಬ್ಯಾಟರಿ ಎಲ್ಲವೂ ಇವೆ. ಆದರೆ ಸ್ಟಿಕ್ ಮಾತ್ರ ಇದೇ ಹಳೆಯ ಉಜ್ಜುವ ಪದ್ಧತಿಯದ್ದು.

ಮೊದಲು ಪರೀಕ್ಷೆ. ಕಂಟ್ರೋಲರ್ ಅನ್ನು ಕೇಬಲ್ ಮೂಲಕ ಕಂಪ್ಯೂಟರ್‌ಗೆ ಜೋಡಿಸಿ, ಬ್ರೌಸರ್‌ನಲ್ಲಿ ಗೇಮ್‌ಪ್ಯಾಡ್ ಟೆಸ್ಟರ್ ಪುಟವೊಂದನ್ನು ತೆರೆಯಿರಿ. ಪ್ರತಿ ಸ್ಟಿಕ್‌ಗೂ ಎರಡು ಅಂಕಿ ಕಾಣುತ್ತವೆ. ಸ್ಟಿಕ್ ಬಿಟ್ಟಾಗ ಅವು ಸೊನ್ನೆಯ ಆಸುಪಾಸಿನಲ್ಲಿರಬೇಕು. 0.02, 0.03 ಇದ್ದರೆ ಚಿಂತೆಯಿಲ್ಲ. 0.15ಕ್ಕೆ ಹೋಗಿ ನಿಂತರೆ, ಇಲ್ಲವೇ ಸುಮ್ಮನೆ ಕುಣಿಯುತ್ತಿದ್ದರೆ ದೋಷವಿದೆ.

ಆಮೇಲೆ ರಿಸೆಟ್. ಪಿಎಸ್5 ಆಫ್ ಮಾಡಿ, ಡ್ಯುಯಲ್‌ಸೆನ್ಸ್‌ನ ಹಿಂಬದಿಯ ಸಣ್ಣ ತೂತಿಗೆ ಪಿನ್ ಹಾಕಿ ಐದು ಸೆಕೆಂಡ್ ಒತ್ತಿ. ಬಳಿಕ ಕೇಬಲ್ ಸಿಕ್ಕಿಸಿ ಪಿಎಸ್ ಬಟನ್ ಒತ್ತಿದರೆ ಮತ್ತೆ ಜೋಡಣೆಯಾಗುತ್ತದೆ.

ಅಷ್ಟಕ್ಕೂ ಸರಿಹೋಗದಿದ್ದರೆ ಶುಚಿ ಮಾಡಿ. ಕಂಟ್ರೋಲರ್ ಆಫ್ ಇರಲಿ. ಸ್ಟಿಕ್ಕನ್ನು ಒಂದು ಬದಿಗೆ ಬಾಗಿಸಿ, ಬುಡಕ್ಕೆ ಶೇಕಡಾ 99ರ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದೆರಡು ಹನಿ ಬಿಟ್ಟು ಸುತ್ತಲೂ ತಿರುಗಿಸಿ. ಪೂರ್ತಿ ಒಣಗಿದ ಮೇಲಷ್ಟೇ ಆನ್ ಮಾಡಿ. ಪುಡಿಯಿಂದಾದ ಡ್ರಿಫ್ಟ್ ಇದರಿಂದ ಹೋಗುತ್ತದೆ, ಸವೆತದಿಂದಾದದ್ದು ಹೋಗುವುದಿಲ್ಲ. ಆಟದ ಸೆಟ್ಟಿಂಗ್ಸ್‌ನಲ್ಲಿ ಡೆಡ್‌ಜೋನ್ (ಸ್ಟಿಕ್‌ನ ಸಣ್ಣ ಚಲನೆಯನ್ನು ಆಟ ಲೆಕ್ಕಿಸದ ವಲಯ) ಹೆಚ್ಚಿಸಿದರೆ ಕೆಲ ಕಾಲ ದೂಡಬಹುದು, ಆದರೆ ಗುರಿಯ ಸೂಕ್ಷ್ಮತೆ ಹೋಗುತ್ತದೆ.

ಇನ್ನು ರಿಪೇರಿ. ಬಿಲ್ ತೆಗೆದು ನೋಡಿ; ವಾರಂಟಿ ಉಳಿದಿದ್ದರೆ ಕಂಪನಿಯ ಸರ್ವಿಸ್ ಸೆಂಟರ್‌ಗೇ ಕೊಡಿ, ಬಿಚ್ಚಲು ಹೋಗಬೇಡಿ. ಮುಗಿದಿದ್ದರೆ ಅಣ್ಣಾ ಸಾಲೈಗೆ ತಾಗಿದಂತಿರುವ ಎಲೆಕ್ಟ್ರಾನಿಕ್ಸ್ ಮಾರುಕಟ್ಟೆ ರಿಚಿ ಸ್ಟ್ರೀಟ್ ಇದೆ. ಬೆಂಗಳೂರಿನವರಿಗೆ ಎಸ್.ಪಿ. ರೋಡ್ ಹೇಗೋ ಚೆನ್ನೈಗೆ ಇದು ಹಾಗೆ. ಚಿಂತಾದ್ರಿಪೇಟೆ ರೈಲು ನಿಲ್ದಾಣದಿಂದ ನಡೆದೇ ಹೋಗಬಹುದು. ಡ್ಯುಯಲ್‌ಸೆನ್ಸ್‌ನ ಸ್ಟಿಕ್ ಮಾಡ್ಯೂಲ್ 14 ಕಡೆ ಸೋಲ್ಡರ್ ಆಗಿರುತ್ತದೆ, ಮನೆಯಲ್ಲಿ ಮೊದಲ ಸಲ ಕೈ ಹಾಕುವ ಕೆಲಸವಲ್ಲ. ಅಂಗಡಿಯಲ್ಲಿ ಮೂರು ಮಾತು ಕೇಳಿ: ಹಾಲ್ ಎಫೆಕ್ಟ್ ಮಾಡ್ಯೂಲ್ ಇದೆಯೇ? ಹಾಕಿದ ಮೇಲೆ ಕ್ಯಾಲಿಬ್ರೇಷನ್ ಮಾಡಿಕೊಡುತ್ತೀರಾ? ಹಳೆಯ ಭಾಗ ವಾಪಸ್ ಕೊಡುತ್ತೀರಾ? ಹಾಲ್ ಎಫೆಕ್ಟ್‌ನಲ್ಲಿ ಆಯಸ್ಕಾಂತ ಮತ್ತು ಸೆನ್ಸರ್ ಒಂದಕ್ಕೊಂದು ತಾಗುವುದಿಲ್ಲ, ಹಾಗಾಗಿ ಕಾರ್ಬನ್ ಪಟ್ಟಿಯಂತೆ ಸವೆಯುವ ಮಾತಿಲ್ಲ. ಇದು ಹೊಸ ವಿದ್ಯೆಯೇನೂ ಅಲ್ಲ. 1998ರ ಸೆಗಾ ಡ್ರೀಮ್‌ಕಾಸ್ಟ್ ಕಂಟ್ರೋಲರ್‌ನಲ್ಲೇ ಇತ್ತು. ಇಷ್ಟು ವರ್ಷಗಳ ಮೇಲೂ ದೊಡ್ಡ ಕಂಪನಿಗಳು ತಮ್ಮ ಸಾಮಾನ್ಯ ಕಂಟ್ರೋಲರ್‌ಗಳಿಗೆ ಇದನ್ನು ಹಾಕದಿರುವುದು ಗ್ರಾಹಕರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಹೊಸದನ್ನೇ ಕೊಳ್ಳುವುದಾದರೆ ನಕಲಿಯ ಬಗ್ಗೆ ಎಚ್ಚರ. ಅಸಲಿ ಡ್ಯುಯಲ್‌ಸೆನ್ಸ್‌ನ ಹಿಡಿಕೆಯ ಹಿಂಬದಿ ತರಿತರಿಯಾಗಿರುತ್ತದೆ. ಮೊಬೈಲ್ ಕ್ಯಾಮೆರಾ ಜೂಮ್ ಮಾಡಿ ನೋಡಿದರೆ ಆ ತರಿಯೆಲ್ಲ ಕೂದಲೆಳೆಯಷ್ಟು ಸಣ್ಣ ತ್ರಿಕೋನ, ವೃತ್ತ, ಚೌಕ, ಗುಣಿಸು ಗುರುತುಗಳು. ಬರೀ ಚುಕ್ಕಿಗಳು ಕಂಡರೆ ಕೊಳ್ಳಬೇಡಿ.

ಬೆಸೆಂಟ್ ನಗರ, ತಿರುವಾನ್ಮಿಯೂರಿನಂಥ ಕಡಲ ಪಕ್ಕದ ಮನೆಗಳಲ್ಲಿ ಉಪ್ಪುಗಾಳಿಗೆ ಲೋಹದ ಭಾಗಗಳು ಬೇಗ ತುಕ್ಕು ಹಿಡಿಯುತ್ತವೆ. ಎಕ್ಸ್‌ಬಾಕ್ಸ್ ಕಂಟ್ರೋಲರ್ ಕೆಲ ದಿನ ಬಳಸುವುದಿಲ್ಲವೆಂದರೆ ಅದರ ಎರಡು ಎಎ ಸೆಲ್ ತೆಗೆದಿಡಿ, ಇಲ್ಲವಾದರೆ ಸೆಲ್ ಸೋರಿ ಸ್ಪ್ರಿಂಗ್ ಹಾಳಾಗುತ್ತದೆ. ಆಡಿದ ಮೇಲೆ ಬೆವರು ಒರೆಸಿ, ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಮುಚ್ಚಳದ ಡಬ್ಬದಲ್ಲಿಡಿ. ರಿಪೇರಿ ಖರ್ಚು ಹೊಸದರ ಬೆಲೆಯ ಅರ್ಧ ದಾಟಿದರೆ ಮಾತ್ರ ಹೊಸದನ್ನು ಕೊಳ್ಳಿ, ಹಳೆಯದನ್ನು ಕಸದ ಬುಟ್ಟಿಗೆ ಹಾಕದೆ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಕೊಡಿ.