ಹೆರಿಗೆಯ ನಂತರ ಮೂತ್ರ ಸೋರುತ್ತಿದೆಯೇ? ಸ್ಕ್ಯಾನಿಂಗ್‌ನಿಂದ ತಿಳಿಯುವುದೇನು?

ಕೆಮ್ಮಿದಾಗ, ಸೀನಿದಾಗ, ನಕ್ಕಾಗ, ಕೊಡ ಎತ್ತಿದಾಗ ತಡೆಯಲಾಗದೆ ಮೂತ್ರ ಹನಿಯುವುದು ಬಾಣಂತಿಯರಲ್ಲಿ ಸಾಮಾನ್ಯ. ಹೆರಿಗೆಯಾದ ಮೊದಲ 3 ತಿಂಗಳಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಈ ತೊಂದರೆ ಇರುತ್ತದೆ. ನಾಚಿಕೆಯಿಂದ ಮುಚ್ಚಿಡಬೇಡಿ. ಕಾರಣ ಎಲ್ಲರಲ್ಲೂ ಒಂದೇ ಅಲ್ಲ. ಕಾರಣ ತಿಳಿದರೆ ಮಾತ್ರ ಸರಿಯಾದ ಚಿಕಿತ್ಸೆ ಸಾಧ್ಯ.

ವೈದ್ಯರು ಮೊದಲು ನಿಮ್ಮನ್ನು ವಿಚಾರಿಸಿ, ಪರೀಕ್ಷಿಸಿ, ಸೋಂಕು ಇದೆಯೇ ಎಂದು ಮೂತ್ರ ಪರೀಕ್ಷೆ ಮಾಡಿಸುತ್ತಾರೆ. ಅಗತ್ಯವಿದ್ದರೆ ಅಲ್ಟ್ರಾಸೌಂಡ್ ಸ್ಕ್ಯಾನಿಂಗ್ ಬರೆದುಕೊಡುತ್ತಾರೆ.

ಸ್ಕ್ಯಾನಿಂಗ್‌ನಲ್ಲಿ ನೋಡುವುದೇನು?

1. ಉಳಿದ ಮೂತ್ರ: ನೀವು ಮೂತ್ರ ಮಾಡಿ ಬಂದ ಕೂಡಲೇ ಕಿಬ್ಬೊಟ್ಟೆಗೆ ಜೆಲ್ ಹಚ್ಚಿ ನೋಡುತ್ತಾರೆ. 150 ಮಿ.ಲೀ.ಗಿಂತ ಹೆಚ್ಚು ಉಳಿದಿದ್ದರೆ ಮೂತ್ರಕೋಶ ಸರಿಯಾಗಿ ಖಾಲಿಯಾಗುತ್ತಿಲ್ಲ ಎಂದು ತಿಳಿಯಬಹುದು. ತುಂಬಿದ ತೊಟ್ಟಿ ಉಕ್ಕಿ ಹರಿದಂತೆ ಮೂತ್ರ ಹನಿಯುತ್ತಿರಬಹುದು. ಇದಕ್ಕೆ ಕೆಲವು ದಿನ ಕ್ಯಾಥೆಟರ್ ಬೇಕಾಗಬಹುದು.

2. ಆಧಾರದ ಸ್ನಾಯುಗಳು: ಹೊದಿಕೆ ಹಾಕಿದ ಪ್ರೋಬನ್ನು ಯೋನಿಯ ಹೊರಭಾಗದಲ್ಲಿಟ್ಟು ಕೆಮ್ಮಲು, ತಿಣುಕಲು ಹೇಳುತ್ತಾರೆ. ಆಗ ಮೂತ್ರಕೋಶದ ಕುತ್ತಿಗೆ ಎಷ್ಟು ಕೆಳಗೆ ಜಾರುತ್ತದೆ ಎಂಬುದು ಕಾಣುತ್ತದೆ. ಜಾರಿದವರಿಗೆಲ್ಲ ಮೂತ್ರ ಸೋರುವುದಿಲ್ಲ. ಆದ್ದರಿಂದ ಚಿತ್ರವೊಂದರಿಂದಲೇ ತೀರ್ಮಾನ ಮಾಡುವುದಿಲ್ಲ.

3. ವ್ಯಾಯಾಮದ ರೀತಿ: ಸ್ನಾಯುಗಳನ್ನು ಮೇಲಕ್ಕೆ ಎಳೆದುಕೊಳ್ಳುವ ಬದಲು ಕೆಲವರು ಕೆಳಕ್ಕೆ ತಳ್ಳುತ್ತಾರೆ. ಪರದೆಯಲ್ಲಿ ನೋಡಿ ಇದನ್ನು ತಿದ್ದಿಕೊಳ್ಳಬಹುದು.

ಇದರಲ್ಲಿ ಎಕ್ಸ್-ರೇ ಕಿರಣಗಳಿಲ್ಲ. ಎದೆಹಾಲಿಗೆ ತೊಂದರೆಯಿಲ್ಲ. ಉಪವಾಸ ಬೇಕಿಲ್ಲ.

ವ್ಯಾಯಾಮ: ಮೂತ್ರ ಮತ್ತು ಗಾಳಿ ತಡೆಯುವಂತೆ ಸ್ನಾಯುಗಳನ್ನು ಬಿಗಿಹಿಡಿದು, ನಿಧಾನವಾಗಿ ಸಡಿಲಿಸಿ. ಉಸಿರು ಕಟ್ಟಬೇಡಿ. ಒಂದು ಸಲಕ್ಕೆ 8 ಬಾರಿ, ದಿನಕ್ಕೆ 3 ಸಲ, ಕನಿಷ್ಠ 3 ತಿಂಗಳು ಮಾಡಿ. ಮೂತ್ರ ಮಾಡುವಾಗ ನಡುವೆ ತಡೆದು ಅಭ್ಯಾಸ ಮಾಡಬೇಡಿ.

ಮನೆಯವರ ಗಮನಕ್ಕೆ: ಮೂತ್ರ ಸೋರುತ್ತದೆಂದು, ಬಾಣಂತಿ ಎಂದು ನೀರು ಕಡಿಮೆ ಕೊಡಬೇಡಿ. ನೀರು ಕಡಿಮೆಯಾದರೆ ಮಲಬದ್ಧತೆಯಾಗಿ, ತಿಣುಕಿ ತಿಣುಕಿ ಸ್ನಾಯುಗಳು ಇನ್ನಷ್ಟು ಸಡಿಲವಾಗುತ್ತವೆ. ಭಾರದ ಕೊಡ, ಬಕೆಟ್ಟುಗಳನ್ನು ನೀವೇ ಎತ್ತಿಕೊಡಿ.

ತಕ್ಷಣ ತಿಳಿಸಬೇಕಾದುವು:
• ಹೆರಿಗೆಯಾಗಿ ಅಥವಾ ಕ್ಯಾಥೆಟರ್ ತೆಗೆದು 6 ಗಂಟೆಯಾದರೂ ಮೂತ್ರ ಬಾರದಿರುವುದು
• ಹಗಲು ರಾತ್ರಿ ಎಡೆಬಿಡದೆ ಸೋರುವುದು
• ಜ್ವರ, ಉರಿಮೂತ್ರ, ಮೂತ್ರದಲ್ಲಿ ರಕ್ತ

ವೈದ್ಯರ ಮುಂದೆ ಹೇಳಲು ಸಂಕೋಚವಾದರೆ ವಾರ್ಡಿನ ಸಿಸ್ಟರ್ ಬಳಿ ಹೇಳಿ. ಬಾಣಂತನ ಮುಗಿದ ಮೇಲೆ ನೋಡೋಣ ಎಂದು ಮುಂದೂಡಬೇಡಿ.