ಫ್ಲ್ಯಾಟಿನ ಪುಚ್ಚೆ ಮತ್ತು ಅದರ ಹೊಯ್ಗೆ ಪೆಟ್ಟಿಗೆ

ವಾಮದಪದವು ಕಡೆಯ ತೋಟದ ಮನೆಗಳಲ್ಲಿ ಬೆಕ್ಕು ಎಲ್ಲಿಗೆ ಹೋಗುತ್ತದೆ ಎಂದು ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಅಡಿಕೆ ಬುಡದ ಸಡಿಲ ಮಣ್ಣು ಉಂಟು, ಬಚ್ಚಲೊಲೆಯ ಬೂದಿ ಉಂಟು. ಪುಚ್ಚೆ ತಾನೇ ಹೋಗಿ ಕೆರೆದು, ಮುಗಿಸಿ, ಮುಚ್ಚಿ ಬರುತ್ತದೆ. ಅದರ ಮರಿಯನ್ನು ಮಂಗಳೂರಿನ ಎರಡನೇ ಮಹಡಿಯ ಬಾಡಿಗೆ ರೂಮಿಗೆ ತಂದಾಗ ತಲೆಬಿಸಿ ಶುರು. ಹಾಗೆ ತಂದವರಿಗಾಗಿ ಈ ಪಾಠ.

ಕೆರೆದು ಮುಚ್ಚುವುದು ನಾವು ಕಲಿಸಿದ ಶಿಸ್ತಲ್ಲ. ಸಾಕುಬೆಕ್ಕಿನ ಮೂಲ ಆಫ್ರಿಕಾ ಮತ್ತು ಪಶ್ಚಿಮ ಏಷ್ಯಾದ ಒಣ ನಾಡಿನ ಕಾಡುಬೆಕ್ಕು. ಸಡಿಲವಾದ, ಸಣ್ಣ ಕಣದ ನೆಲ ಸಿಕ್ಕಿದರೆ ಅದಕ್ಕೆ ಸಾಕು. ಅಮೆರಿಕದಲ್ಲೂ ಮೊದಲು ಮನೆಯೊಳಗಿನ ಬೆಕ್ಕಿಗೆ ಬೂದಿ, ಮರಳೇ ಇದ್ದದ್ದು. 1947ರಲ್ಲಿ ಎಡ್ ಲೋ ಎಂಬವರು ಬೂದಿಯ ಹೆಜ್ಜೆಗುರುತಿನಿಂದ ಬೇಸತ್ತ ನೆರೆಮನೆಯಾಕೆಗೆ ನೀರು ಹೀರುವ ಜೇಡಿಯ ಹರಳು ಕೊಟ್ಟರು. ಲಿಟರ್ ಉದ್ಯಮ ಶುರುವಾದದ್ದು ಹಾಗೆ. ಈಗ ಸಿಗುವ ಗಟ್ಟಿಯಾಗುವ ಲಿಟರ್ ಹೆಚ್ಚಾಗಿ ಬೆಂಟೊನೈಟ್. ಸಿವಿಲ್‌ನವರಿಗೆ ಗೊತ್ತಿರಬೇಕು, ಪೈಲ್ ಕೊರೆಯುವಾಗ ಗುಂಡಿ ಕುಸಿಯದಂತೆ ತುಂಬುವ ಅದೇ ಜೇಡಿ. ನೀರು ಬಿದ್ದರೆ ಉಬ್ಬುತ್ತದೆ. ಆದ್ದರಿಂದ ಅದನ್ನು ಕಮೋಡಿಗೆ ಸುರಿದು ಫ್ಲಶ್ ಮಾಡಬೇಡಿ ಮಾರಾಯ್ರೆ, ಪೈಪು ಕಟ್ಟಿ ಓನರ್ ಬಂದು ನಿಲ್ಲುತ್ತಾರೆ.

ಪೆಟ್ಟಿಗೆಗೆ ದುಬಾರಿಯದ್ದು ಬೇಡ. ಬೆಕ್ಕಿನ ಮೈಯ ಒಂದೂವರೆ ಪಟ್ಟು ಉದ್ದದ ಪ್ಲಾಸ್ಟಿಕ್ ಟಬ್, ಅದರಲ್ಲಿ ಎರಡು ಇಂಚು ಲಿಟರ್. ಮರದ ಮಿಲ್ಲಿನ ಹುಡಿಯೂ ಆಗುತ್ತದೆ, ಆದರೆ ತೀರಾ ನಯವಾದದ್ದು ಮೂಗಿಗೆ ಹೋಗುತ್ತದೆ. ಒಂದು ಬೆಕ್ಕಿದ್ದರೆ ಎರಡು ಪೆಟ್ಟಿಗೆ, ಎರಡಿದ್ದರೆ ಮೂರು ಎಂಬುದು ವೈದ್ಯರ ಲೆಕ್ಕ. ಊಟದ ತಟ್ಟೆಯ ಪಕ್ಕದಲ್ಲೂ ವಾಷಿಂಗ್ ಮೆಷಿನ್ ಪಕ್ಕದಲ್ಲೂ ಇಡಬೇಡಿ. ಮುಚ್ಚಳದ ಪೆಟ್ಟಿಗೆ ನಮ್ಮ ಮೂಗಿಗೆ ಹಿತ, ಒಳಗೆ ಕೂತ ಬೆಕ್ಕಿಗೆ ಅಲ್ಲ. ಆಟಿ ಮಳೆಯಲ್ಲಂತೂ ಏನೂ ಒಣಗುವುದಿಲ್ಲ, ಮೂತ್ರದ ಯೂರಿಯಾ ಅಮೋನಿಯ ಆಗಿ ಕಣ್ಣು ಉರಿಸುತ್ತದೆ.

ದಿನಕ್ಕೆ ಒಮ್ಮೆಯಾದರೂ ಗಟ್ಟಿ ಭಾಗ ತೆಗೆಯಲೇಬೇಕು. ವಾಸನೆ ಮಾತ್ರ ಕಾರಣ ಅಲ್ಲ. ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಬೆಕ್ಕಿನ ಮಲದಲ್ಲಿದ್ದರೆ, ಅದು ರೋಗ ಹರಡುವ ಸ್ಥಿತಿಗೆ ಬರಲು 1ರಿಂದ 5 ದಿನ ಬೇಕು. ಅಷ್ಟರೊಳಗೆ ತೆಗೆದರೆ ಸರಪಳಿ ಕಡಿಯುತ್ತದೆ. ಗರ್ಭಿಣಿಯರು ಮಾತ್ರ ಈ ಕೆಲಸ ಮಾಡದಿದ್ದರೆ ಒಳ್ಳೆಯದು. ತೊಳೆಯುವುದಕ್ಕೆ ಸಾಬೂನು ನೀರು ಸಾಕು. ಫಿನಾಯಿಲ್ ಬೇಡವೇ ಬೇಡ: ಫೀನಾಲ್ ಜಾತಿಯ ರಾಸಾಯನಿಕವನ್ನು ಬೆಕ್ಕಿನ ಲಿವರ್ ಸರಿಯಾಗಿ ಹೊರಹಾಕಲಾರದು, ಪಾದ ನೆಕ್ಕಿದರೆ ಅದು ಒಳಗೆ ಹೋಯಿತು. ಬ್ಲೀಚ್ ಹಾಕಿದರೆ ಅಮೋನಿಯ ಜೊತೆ ಸೇರಿ ವಿಷಗಾಳಿ ಬರುತ್ತದೆ, ನಿಮಗೂ ಅಪಾಯ.

ಇನ್ನು ಹಾಸಿಗೆ ಮೇಲೆ ಮಾಡಿತು ಅನ್ನೋ ದೂರು. "ನಾನು ಊರಿಗೆ ಹೋಗಿದ್ದಕ್ಕೆ ಸೇಡು" ಅಂತ ಹೇಳುವವರಿದ್ದಾರೆ. ಬೆಕ್ಕಿಗೆ ಅಂಥ ಲೆಕ್ಕಾಚಾರ ಇಲ್ಲ. ಕೋಡ್ ಕೆಟ್ಟಾಗ ಕೇಳುವ ಪ್ರಶ್ನೆಯನ್ನೇ ಇಲ್ಲೂ ಕೇಳಿ: ಇತ್ತೀಚೆಗೆ ಏನು ಬದಲಾಯಿತು? ಲಿಟರ್ ಬ್ರ್ಯಾಂಡೋ, ಜಾಗವೋ, ಹೊಸ ರೂಮ್‌ಮೇಟೋ? ಹೊಡೆದರೆ, ಮೂತಿಯನ್ನು ತಿಕ್ಕಿದರೆ ಅದು ಕಲಿಯುವುದು ನಿಮ್ಮ ಭಯವನ್ನು ಮಾತ್ರ. ನಿಂತುಕೊಂಡು, ಬಾಲ ನಡುಗಿಸಿ ಗೋಡೆಗೆ ಸಿಂಪಡಿಸಿದರೆ ಅದು ಬೇರೆಯೇ ವಿಷಯ, ಗಡಿ ಗುರುತು. ಗಂಡು ಬೆಕ್ಕಿಗೆ ಸಂತಾನಹರಣ ಮಾಡಿಸಿದರೆ ಹೆಚ್ಚಿನ ಸಲ ಕಡಿಮೆಯಾಗುತ್ತದೆ.

ಏನೂ ಬದಲಾಗಿಲ್ಲವಾದರೆ ತೊಂದರೆ ದೇಹದ್ದಿರಬಹುದು. ಗಂಡು ಬೆಕ್ಕು ಪೆಟ್ಟಿಗೆಗೆ ಮತ್ತೆ ಮತ್ತೆ ಹೋಗಿ, ಮುಕ್ಕಿ, ಕೂಗಿ, ಒಂದು ಹನಿಯೂ ಬಾರದೆ ಹಿಂದೆ ಬರುತ್ತಿದೆಯೇ? ಮಲಬದ್ಧತೆ ಎಂದುಕೊಂಡು ಸುಮ್ಮನೆ ಕೂರಬೇಡಿ. ಅದರ ಮೂತ್ರನಾಳ ತೀರಾ ಕಿರಿದು; ಹರಳು ಅಥವಾ ಲೋಳೆ ಕಟ್ಟಿದರೆ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಒಂದೆರಡು ದಿನದಲ್ಲೇ ಹೃದಯ ನಿಲ್ಲಬಹುದು. ನೋವಿಗೆಂದು ನಿಮ್ಮ ಪ್ಯಾರಾಸಿಟಮಾಲ್ ಕೊಡಬೇಡಿ, ಬೆಕ್ಕಿಗೆ ಅದು ವಿಷ. ರಾತ್ರಿಯಾಗಿದ್ದರೂ ಪಶುವೈದ್ಯರಿಗೆ ಫೋನ್ ಮಾಡಿ, ಬೆಳಿಗ್ಗೆ ಇಂಟರ್ನಲ್ಸ್ ಇದ್ದರೂ ಸರಿ.